ಪಸಿ

ಆಷಾಢದಾಗ ನಮ್ಮ ವಡಗಾವಿಗೆ
ಮಳಿ ಬೀಳಂಗಿಲ್ಲ,
ಸುಮ್ಮನ ನಿಂತಿರತೈತಿ.
ಗ್ವಾಡ್ಯಾಗ, ಹಾಸಿಗ್ಯಾಗ, ಕಡ್ಡಿಪೆಟ್ಟಿಗ್ಯಾಗ,
ಒಗೆದು ನಾಲ್ಕು ದಿನ ಆದ ಪರಕಾರದಾಗ.
ನನ್ನ ಓಮ್ನ್ಯಾಗೂ.

ನಸಕಿನ ಐದಕ್ಕ ಇನ್ನೂರಾ ನಲವತ್ತು ರೊಟ್ಟಿ
ಬುಟ್ಟ್ಯಾಗ ಉಗಿ ಬಿಡಾಕತ್ತಿರತಾವು,
ಹಾಸ್ಟೆಲ್ಲಿನ ಹುಡುಗೂರು ತಾಟು ಹಿಡಕೊಂಡು ಕುಂತಿರತಾವು,
ಚಾವಿ ತಿರುವಿದರ
ಕುಂಯ್ ಕುಂಯ್ ಕುಂಯ್,
ದಮ್ಮಿನ ಮುದುಕನ ಹಂಗ
ಗಂಟಲ ತನಕ ಬಂದದ್ದು ಹೊರಗ ಬರವಲ್ದು.

ಏನೇನ ಮಾಡಿಲ್ಲ?
ಚೋಕ್ ಎಳದ್ನಿ. ಪೆಟ್ರೋಲ್ ವಾಸನಿ ಓಣಿ ತುಂಬ.
ಬ್ಯಾಟರಿ ಹೊಸಾದು, ಮೂರ ಸಾವಿರದ ಆರನೂರು,
ಇನ್ನೂ ಜೋರಾಗಿ ಕುಂಯ್ಗುಟ್ಟಿತು, ಅಷ್ಟ.
ಕಾಶವ್ವ ಲಿಂಬಿಹಣ್ಣು ಕಟ್ಟಿದಳು.
ಮಗ್ಗದ ತುಕಾರಾಮನ ಇಬ್ಬರು ಹುಡುಗೂರು
ದಬ್ಬಿ ದಬ್ಬಿ ಇಳಕಲಕ್ಕ ಮುಟ್ಟಿಸಿದರ
ಅಲ್ಲಿ ಹೆಂಗೋ ಹೊಂಡತಿತ್ತು;
ದಿನಾ ಅವರ ನಾಷ್ಟಾ ನನ್ನ ಲೆಕ್ಕದಾಗ.

ಕ್ಯಾಂಪಿನ ಪಾಸ್ಕಲ್ ಮಿಸ್ತ್ರಿ ಹಗಲಿಗೆ ಬರಲಿಲ್ಲ.
"ಕತ್ತಲಾಗಲಿ," ಅಂದ.
ಕಳ್ಳನ ಹಂಗ ರಾತ್ರಿ ಒಂಬತ್ತಕ್ಕ ಬಂದು
ಮುಂದಿನ ಸೀಟು ಮಗಚಿದ.
ಈ ಗಾಡಿದು ಎದಿ ಅಲ್ಲೇ, ಕುಂಡಿ ಕೆಳಗ.
"ಓಣಿ ಲೈಟ್ ಬೀಳತೈತಿ, ಚಾದರ ಅಡ್ಡ ಹಿಡೀರಿ.
ಈಗ ತಿರುವ್ರಿ."

ತಿರುವಿದ್ನಿ.
ಅಯ್ಯ ಶಿವನ!
ವಾಯರ್ ಮ್ಯಾಲ ನೀಲಿ ಇರುವಿ ಹರದಾಡಿದವು,
ಚಿಟಿಚಿಟಿ, ಚಿಟಿಚಿಟಿ,
ಎಲ್ಲಿ ಪಸಿ ಐತೋ ಅಲ್ಲೇ ಇಳದು ಸತ್ತವು.
ಹದಿನಾಲ್ಕು ವರ್ಷ ಅದರ ಮ್ಯಾಲ ಕುಂತೀನಿ,
ಇಷ್ಟು ಬೆಳಕು ಕೆಳಗ ಸೋರತೈತಿ ಅಂತ
ಒಬ್ಬರೂ ಹೇಳಿರಲಿಲ್ಲ.

"ಬೆಂಕಿ ಹುಟ್ಟಾಕತ್ತೈತಿ," ಅಂದ ಪಾಸ್ಕಲ್,
"ಮುಟ್ಟೂ ಜಾಗಾ ಮುಟ್ಟವಲ್ದು."
ಕರಿ ಟೊಪಿಗಿಯಂಥಾದ್ದೊಂದು ಬಿಚ್ಚಿ ನನ್ನ ಅಂಗೈಯಾಗ ಇಟ್ಟ,
ಡಿಸ್ಟ್ರಿಬ್ಯೂಟರ್ ಕ್ಯಾಪು.
ಒಳಗ ಬೆವರು. ಮತ್ತ ಒಂದು ಬಿರುಕು,
ಹಿಟ್ಟಿನಾಗ ಸಿಗೂ ಕೂದಲಷ್ಟು.
"ಹೊಸಾದು ಹುಬ್ಬಳ್ಳಿಂದ ಬರಬೇಕು, ಸೋಮವಾರ,
ಇಲ್ಲಾ ಅದರ ಮುಂದಿನ ಸೋಮವಾರ."

ಅಲ್ಲೀತನಕ?
ಅವ ಒಲಿ ಕಡೆ ನೋಡಿದ.
ನಾನೂ ನೋಡಿದ್ನಿ.

ಈಗ ರಾತ್ರಿ ಕ್ಯಾಪು ಮನಿಯೊಳಗ ಮಲಗತೈತಿ.
ಮೂರು ವಾಯರಿಗೆ ತುಕಾರಾಮನ ಮಗ್ಗದ ಕೆಂಪು ನೂಲು,
ಒಂದು ಗಂಟು, ಎರಡು ಗಂಟು, ಮೂರು ಗಂಟು,
ತಪ್ಪಿ ಸಿಗಸಿದರ ಸೀನತೈತಂತ.
ನಸಕಿನ್ಯಾಗ ಒಲಿ ಹಚ್ಚಿ
ಕಟಕ ರೊಟ್ಟಿ ಆರೂ ಕಟ್ಟಿ ಮ್ಯಾಲ
ಅದನ್ನೂ ಬೋರಲ ಹಾಕತೀನಿ.
ಕಾಶವ್ವ ಬಡಿತಾಳ, ನಾ ಬೇಯಿಸತೀನಿ,
ನಡುನಡುವ ಕೈ ಹಚ್ಚಿ ನೋಡತೀನಿ,
ಸುಡಬಾರದು, ಹಸಿ ಇರಬಾರದು,
ಕೂಸಿನ ನೀರು ನೋಡಿದಂಗ.

ಪಾಸ್ಕಲ್ ಹೇಳಿಹೋಗ್ಯಾನ: ಇದರಾಗ ಕಿಡಿ ತಿರುಗೂದು
ಒಂದು, ಮೂರು, ಎರಡು.
"ಇದೆಂಥಾ ಎಣಿಕಿ?" ಅಂತ ಕಾಶವ್ವ ನಗತಾಳ.
ನನಗ ನಗಿ ಬರಲಿಲ್ಲ.
ನಮ್ಮನ್ಯಾಗೂ ಮೊದಲು ಅಕ್ಕನ ಮದವಿ,
ಆಮ್ಯಾಲ ತಂಗಿದು,
ನಡುವಿನಾಕಿ ನಾ, ಪಡಸಾಲ್ಯಾಗ,
ಎಲ್ಲಾರ ಅಕ್ಕಿಕಾಳು ಹಾಕಿ ಬಂದು ಕುಂತಾಕಿ.
ತಡಾ ಆತು.
ಆದರ ಗಾಡಿ ಓಡಬೇಕಂದ್ರ
ಎರಡೂ ಹೊತ್ತಬೇಕಲ್ಲ.

ಇವತ್ತು ಒಂದ ತಿರುವಿಗೆ ಎದ್ದಿತು,
ಹೊಗಿ ಕಾರಿ, ಮೈ ಝಾಡಿಸಿ.
ದಬ್ಬಾಕ ಬಂದ ಹುಡುಗೂರು ಪೋತ್ಯಾಚೀಲ ಹೊತ್ತು
ಕೈ ಇಳಿಬಿಟ್ಟು ನಿಂತಿದ್ದರು, ಮಾರಿ ಸಪ್ಪಗ,
ನಾಷ್ಟಾ ಹೋತು ಅಂತ.
ಬಾಗಿಲಾ ಸರಿಸಿದ್ನಿ:
ಹತ್ತರೋ, ಡಬರಿ ಹಿಡಿಯಾಕ ಯಾರರ ಬೇಕ.