ಹುಸೇನಪ್ಪನ ಖಾಲಿ ದಿನಗಳು

ರಾಯಚೂರು ಕೋರ್ಟಿನ ಗೇಟಿನೆದುರು, ಝೆರಾಕ್ಸ್ ಅಂಗಡಿಯ ಪಕ್ಕ
ಪುಟಕ್ಕೆ ಇಪ್ಪತ್ತು ರೂಪಾಯಿಯಂತೆ ಟೈಪು ಮಾಡುವವಳು ನಾನು.
ಜಮೀನಿನ ಪಾಲು, ಚೆಕ್ ಬೌನ್ಸು, ಜೀವನಾಂಶ,
ಯಾರ ಸಿಟ್ಟಿಗೆ ಯಾವ ಕಲಮು ಎಂದು ಬೆರಳಿಗೇ ಗೊತ್ತು.
ಹುಸೇನಪ್ಪನ ಕಾಗದಕ್ಕೆ ಮಾತ್ರ
ಬೆರಳು ತಡೆದವು.

ಪ್ರತಿವಾದಿಯ ವಿಳಾಸಕ್ಕೆ
ತಾಲೂಕಿಲ್ಲ, ಜಿಲ್ಲೆಯಿಲ್ಲ.
ಯಾವುದೋ ಸರೋವರದ ದಂಡೆಯ ಊರು,
ಒಂದು ಅಂಚೆಪೆಟ್ಟಿಗೆಯ ಸಂಖ್ಯೆ.
ಕಾರ್ಮಿಕ ಇಲಾಖೆಯ ಸಾಹೇಬರು ಮೊದಲೇ ಕೈ ತೊಳೆದುಕೊಂಡಿದ್ದರು:
‘ಅವರ ಆಫೀಸು ಸ್ಟೇಷನ್ ರಸ್ತೆದಾಗ ಐತಿ ಖರೆ,
ಗೇಟು ದಾಟಿದ್ರ ಅದು ಯಾವ ದೇಶನೂ ಅಲ್ಲ.
ನಮ್ಮ ನೋಟೀಸು ಅಲ್ಲಿ ಬರೇ ಕಾಗದ.’

ಯಾವ ದೇಶವೂ ಅಲ್ಲದ ಆ ಜಾಗಕ್ಕೆ
ಹುಸೇನಪ್ಪ ಹನ್ನೆರಡು ವರ್ಷ ಜೀಪು ಓಡಿಸಿದ,
ಲಸಿಕೆಯ ನೀಲಿ ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ
ಹಸುಗೂಸಿನಂತೆ ಬಿಗಿದು ಕಟ್ಟಿ.
ವರ್ಷಕ್ಕೆ ಒಂದು ದಿನ ಕಡಿಮೆ ಬರುವಂತೆ ಕರಾರು,
ನಡುವೆ ಆ ಒಂದು ದಿನ ಖಾಲಿ,
ಮರುದಿನ ಹೊಸ ಸಹಿ.
ಖಾಲಿ ದಿನ ಅವನು ಯಾರೂ ಅಲ್ಲ.

ಹದಿಮೂರನೆಯ ಸಹಿ ಬರಲಿಲ್ಲ.
ಇ-ಮೇಲು ಬಂತು: ತಮ್ಮ ಸೇವೆಗೆ ಕೃತಜ್ಞತೆಗಳು.
ಅದರ ಕೆಳಗೆ, ಹಸಿರು ಅಕ್ಷರದಲ್ಲಿ,
ಇದನ್ನು ಮುದ್ರಿಸುವ ಮೊದಲು ಮರಗಳನ್ನು ನೆನೆಯಿರಿ.

ಮೊದಲು ಒಳಗಿನ ಮರುಪರಿಶೀಲನೆ, ಆಮೇಲೆ ಮಂಡಳಿ,
ಆಮೇಲೆ ನ್ಯಾಯಮಂಡಳಿ. ಒಂದೊಂದು ಮೆಟ್ಟಿಲಿಗೂ ಒಂದು ಗಡುವು,
ತಪ್ಪಿದರೆ ಏಣಿಯೇ ಇಲ್ಲ.
ನಡುವೆ ಸಂಧಾನದವಳೊಬ್ಬಳು ಪರದೆಯ ಮೇಲೆ ಬಂದು
‘ಈಗ ನಿಮಗೆ ಹೇಗನಿಸುತ್ತಿದೆ’ ಎಂದು ಕೇಳಿದಳಂತೆ.
‘ಬಿಸಲು ಭಾಳ ಐತ್ರಿ’ ಅಂದನಂತೆ ಇವನು.
ಅವಳು ಬರೆದುಕೊಂಡಳಂತೆ.

ಆಮೇಲೆ ಬೀಜದ ಚೀಲದಲ್ಲಿ ಲಾಗ್ ಬುಕ್ಕು ತುಂಬಿಕೊಂಡು ನನ್ನ ಬಳಿ ಬಂದ.
ಹನ್ನೆರಡು ಪುಸ್ತಕ, ಡೀಸೆಲ್ ವಾಸನೆ.
ಹೋದದ್ದು, ಬಂದದ್ದು, ಕಿಲೋಮೀಟರು,
ಸಾಲು ಸಾಲಾಗಿ ಇಂಗ್ಲಿಷಿಗೆ ಇಳಿಸುತ್ತ ಹೋದೆ.
ನಾಲ್ಕನೆಯ ವರ್ಷದ ಖಾಲಿ ದಿನಕ್ಕೆ ಬಂದಾಗ
ಸುಮ್ಮನೆ ಕೇಳಿದೆ, ‘ಅವತ್ತು ಎಲ್ಲಿದ್ದಿ?’

‘ದೇವಸೂಗೂರು ತನಕ ಜೀಪು,
ಮುಂದ ಪುಟ್ಟಿಯಾಗ ನಡುಗಡ್ಡಿಗೆ.’
ಅವತ್ತು ನೀನು ನೌಕರ ಅಲ್ಲವಲ್ಲ ಅಂದೆ.
‘ಐಸು ಕರಗತಿತ್ತು, ಅಕ್ಕಾ.
ಅದಕ್ಕ ಕರಾರು ಗೊತ್ತಿರಂಗಿಲ್ಲ.’

ಪುಸ್ತಕದ ಹಿಂದಿನ ರಟ್ಟಿನ ಒಳಗೆ ತೋರಿಸಿದ.
ಪುಟದೊಳಗೆ ಬರೆಯಲು ಹಕ್ಕಿಲ್ಲವೆಂದು
ರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿದ್ದ.
ಹನ್ನೊಂದು ರಟ್ಟು, ಹನ್ನೊಂದು ತಾರೀಖು.
ಆಶಾ ಕಾರ್ಯಕರ್ತೆ ಗದ್ದೆಮ್ಮನ ಓರೆ ಸಹಿ,
ಹರಿಗೋಲಿನವನ ಹೆಬ್ಬೆಟ್ಟು, ಅದರ ಸುತ್ತ
ಹೊಳೆಯ ನೀರಿನ ಕಲೆ.

ಆ ಮಧ್ಯಾಹ್ನವೆಲ್ಲ ‘ಕರಗತಿತ್ತು’ ಎಂಬ ಒಂದು ಮಾತನ್ನು
ಕಾನೂನಿನ ಇಂಗ್ಲಿಷಿಗೆ ತರಲು ಹೋಯಿತು.
ಬೇರೆ ಗಿರಾಕಿಗಳನ್ನು ವಾಪಸು ಕಳಿಸಿದೆ.

ತೀರ್ಪು ಬಂದದ್ದು ಹತ್ತೊಂಬತ್ತು ತಿಂಗಳಿಗೆ.
ಇಪ್ಪತ್ಮೂರು ಪುಟ, ಎಲ್ಲೂ ಹುಸೇನಪ್ಪ ಇಲ್ಲ,
ಉದ್ದಕ್ಕೂ ‘ಶ್ರೀ ಎಚ್.’
ಕೆಲಸ ಮರಳಿ ಸಿಗುವುದಿಲ್ಲ.
ಹನ್ನೊಂದು ದಿನದ ಪಗಾರ, ಮೇಲೊಂದಿಷ್ಟು ಪರಿಹಾರ,
ಅವನು ಕಣ್ಣಿಂದ ಕಾಣದ ನಾಣ್ಯದಲ್ಲಿ.
ಮತ್ತೆ, ಹದಿನೇಳನೆಯ ಪ್ಯಾರಾ:
ಮಂಜುಗಡ್ಡೆ ಕಾಯುವುದಿಲ್ಲ ಎಂಬ ಅರ್ಜಿದಾರನ ಹೇಳಿಕೆಯನ್ನು
ಸಂಸ್ಥೆಯು ಅಲ್ಲಗಳೆದಿಲ್ಲ.

‘ಇನ್ನೊಮ್ಮೆ ಓದ್ರಿ’ ಅಂದ. ಓದಿದೆ.
‘ಆ ಎಚ್ಚು ನಾನಽ ಏನು?’
ಹೌದು ಅಂದೆ.
ಗಂಜಿನಲ್ಲಿ ಈಗ ಅವನು ಹತ್ತಿಯ ಅಂಡಿಗೆ ಸಾಗಿಸುವ ಟಂಟಂ ಓಡಿಸುತ್ತಾನೆ,
ಹೊರಗೆ ಅದು ಇನ್ನೂ ಗುಡುಗುಡು ಅನ್ನುತ್ತಲೇ ಇತ್ತು.
ಆ ಒಂದು ಪುಟವನ್ನಷ್ಟೇ ಝೆರಾಕ್ಸ್ ಮಾಡಿಸಿದ.
ಅಂಗಡಿಯವ ಎರಡು ರೂಪಾಯಿ ತೆಗೆದುಕೊಂಡು ಮುಂದಿನವರತ್ತ ತಿರುಗಿದ.
ಹುಸೇನಪ್ಪ ಕದಲಲಿಲ್ಲ.

‘ರಸೀದಿ ಕೊಡಪಾ,
ತಾರೀಖು ಹಾಕಿ.’