ಎಂಬತ್ತೇಳನೇ ಸಾಲು

ಕುತೈಸಿಯಲ್ಲಿ ಸಂಜೆ ಕರೆಂಟು ಹೋದ ಮೇಲೆ
ಮೂರನೇ ಮಹಡಿಯ ಲ್ಯಾಬಿನಲ್ಲಿ ಉಳಿದದ್ದು
ನಾನು, ಲ್ಯಾಪ್‌ಟಾಪಿನ ಬೆಳಕು.
ನಾಳೆ ಒಂಬತ್ತಕ್ಕೆ ಮೊದಲ ವರ್ಷದವರು,
ನೂರ ಹದಿನಾಲ್ಕು ಮಂದಿ,
ಕೋರ್ಸಿನ ಪುಟ ತೆರೆಯುತ್ತಾರೆ.

ವಾಝಾ ಮಾಸ್ತರರು ಬಿಟ್ಟುಹೋದದ್ದು ಇಷ್ಟು:
ಬೀರುವಿನ ಕೀಲಿ (ಬೀರು ಈಗಿಲ್ಲ),
ಒಂದು ಪಾಸ್‌ವರ್ಡು,
ಒಂಬತ್ತು ವರ್ಷದ ಕಮಿಟ್‌ಗಳು,
ಒಂದೊಂದಕ್ಕೂ ಒಂದು ಷರಾ.
"ಅಲ್ಪವಿರಾಮ."
"ಮತ್ತೆ ಅಲ್ಪವಿರಾಮ."
"ರಿಯೋನಿ ಉಕ್ಕಿದೆ, ಪರೀಕ್ಷೆ ಮುಂದಕ್ಕೆ."
"ಎರಡನೇ ವಾರವನ್ನು ಮನುಷ್ಯರಿಗೆ ತಿಳಿಯುವಂತೆ ಬರೆದೆ."
ಮರುದಿನ: "ಇಲ್ಲ, ಇನ್ನೂ ತಿಳಿಯುವುದಿಲ್ಲ."

ಗ್ವಾಂತ್ಸಾ ಎಂಬ ಹುಡುಗಿ ಬರೆದು ಕೇಳಿದ್ದಳು:
ಮೂರನೇ ವಾರದ ಲೆಕ್ಕದಲ್ಲಿ
ಹತ್ತು ಅಕ್ರೋಟು ಎಣಿಸಿ ಎಂದಿದ್ದೀರಿ,
ನಿಮ್ಮದೇ ಕೋಡ್ ಓಡಿಸಿದರೆ ಒಂಬತ್ತು ಬರುತ್ತವೆ.
ತಪ್ಪು ನನ್ನದೋ, ನಿಮ್ಮದೋ?

ತಪ್ಪು ಯಾರದೆಂದು ಕೇಳಲು
ಗಿಟ್‌ನಲ್ಲಿ ಒಂದು ಆಜ್ಞೆಯೇ ಇದೆ, ಹೆಸರು ಬ್ಲೇಮ್.
ಒತ್ತಿದರೆ ಸಾಲುಸಾಲಿನ ಪಕ್ಕ
ಹೆಸರು, ತಾರೀಕು, ಗಂಟೆ, ನಿಮಿಷ,
ಪಂಚಾಯಿತಿ ಕಟ್ಟೆಗೆ ಎಳೆತಂದು ನಿಲ್ಲಿಸಿದ ಹಾಗೆ.

ನನಗೆ ಬಾಚಾನನ ಮೇಲೆ ಗುಮಾನಿ.
ಹೋದ ವರ್ಷದ ಸಹಾಯಕ, ಅವಸರದ ಕೈ,
ಈಗ ಬತೂಮಿಯ ಯಾವುದೋ ಹೋಟೆಲಿನ ಬುಕಿಂಗ್ ನೋಡುತ್ತಾನೆ.
ಬೈಗುಳವನ್ನೂ ಹೊಂದಿಸಿಟ್ಟುಕೊಂಡೇ
ಒತ್ತಿದೆ.

ಎಂಬತ್ತೇಳನೇ ಸಾಲು:
ನೆಸ್ತಾನ್.
ಆರು ವರ್ಷದ ಹಿಂದಿನ ನವೆಂಬರ್, ರಾತ್ರಿ ಎರಡು ನಲವತ್ತು.

ಹೆಗಲು ಮುಟ್ಟಿ ನೋಡಿಕೊಂಡೆ.
ಕುಂಬಳಕಾಯಿ ಅಲ್ಲೇ ಇತ್ತು.

ಹಾಸ್ಟೆಲಿನ ಹೀಟರ್ ಕೆಟ್ಟ ರಾತ್ರಿ ಅದು.
ಕೈಗೆ ಕಾಲುಚೀಲ ಹಾಕಿಕೊಂಡು ಟೈಪು ಮಾಡುತ್ತಿದ್ದವಳು
ಮಾಸ್ತರರ ಪುಟದಲ್ಲೇ ಕಾಗುಣಿತ ತಪ್ಪು ಹಿಡಿದ ಸೊಕ್ಕಿಗೆ
ಪಕ್ಕದ ಅಂಕಿಯನ್ನೂ "ಸರಿ" ಮಾಡಿ ಕಳಿಸಿದ್ದೆ.
ಬೆಳಿಗ್ಗೆ ಏಳಕ್ಕೆ ವಾಝಾ ಅದನ್ನು ಕೂಡಿಸಿಕೊಂಡಿದ್ದಾರೆ.
ಷರಾ: "ಕಾಗುಣಿತಕ್ಕೆ ಥ್ಯಾಂಕ್ಸ್."
ಅಂಕಿಯ ಬಗ್ಗೆ ಸೊಲ್ಲಿಲ್ಲ.

ಕಾಣಲಿಲ್ಲವೋ, ಕಂಡೂ ಬಿಟ್ಟರೋ.
ಕೇಳೋಣವೆಂದರೆ ಅವರು ಮಣ್ಣಿಗೆ ಹೋಗಿ
ಎರಡು ಈಸ್ಟರ್ ಕಳೆದವು,
ಎರಡು ಸಲವೂ ಗೋರಿಯ ಮೇಲೆ
ಕೆಂಪು ಮೊಟ್ಟೆ ಉರುಳಿಸಿ ಬಂದಿದ್ದೇನೆ.
ಇತ್ತ ಐದು ತಂಡಗಳು
ಒಂಬತ್ತೇ ಅಕ್ರೋಟು ಎಣಿಸಿ ಪಾಸಾಗಿವೆ.

ಹಳೆಯ ಕಮಿಟ್‌ಗಳನ್ನೇ ತಿದ್ದಿ ಬರೆಯುವ ದಾರಿಯೂ ಇದೆ.
ನನ್ನ ಹೆಸರು ಆ ಸಾಲಿನಿಂದ ಅಳಿಸಿಹೋಗುತ್ತದೆ,
ನವೆಂಬರ್ ತಣ್ಣಗೆ ಮುಚ್ಚಿಕೊಳ್ಳುತ್ತದೆ,
ಕೇಳುವವರು ಯಾರು?
ಬೆರಳು ಅಲ್ಲಿಯವರೆಗೂ ಹೋಗಿ ಬಂತು.

ಹೊಸ ಕವಲು ಒಡೆದೆ. ಒಂದೇ ಅಂಕಿ ಬದಲಿಸಿದೆ.
ಓಡಿಸಿದೆ: ಹತ್ತು.
ನಂಬದೆ ಇನ್ನೊಮ್ಮೆ ಓಡಿಸಿದೆ.
ಷರಾ ಬರೆಯಲು ಅರ್ಧ ಗಂಟೆ ಹಿಡಿಯಿತು:
"ಒಂದು ಅಕ್ರೋಟು. ಬೀಳಿಸಿದ್ದು ನಾನು,
ಹುಡುಕಿದ್ದು ಗ್ವಾಂತ್ಸಾ."

ಸರ್ವರಿಗೆ ತಳ್ಳಿದರೆ, ನೆಟ್ ಇಲ್ಲ.

ಬೀದಿಯಾಚೆ ರೊಟ್ಟಿ ಅಂಗಡಿಯ ಜನರೇಟರ್
ಕೆಮ್ಮಿ ಕೆಮ್ಮಿ ಶುರುವಾಯಿತು.
ಅವರ ವೈಫೈ ಪಾಸ್‌ವರ್ಡು ಇಡೀ ಓಣಿಗೆ ಗೊತ್ತು.
ಲ್ಯಾಪ್‌ಟಾಪನ್ನು ಕೋಟಿನೊಳಗೆ ಅವುಚಿಕೊಂಡು
ಕತ್ತಲ ಮೆಟ್ಟಿಲು ಎಣಿಸುತ್ತ ಇಳಿದೆ,
ಸೊನ್ನೆಯಿಂದ.