ಬಸ್ಸು ತಪ್ಪಿತೇನವ್ವಾ

ಅಟ್ಟದ ಮೇಲಿನ ಬೂಟು ಇಳಿಸಿ ಜಾಡಿಸಿದರೆ
ಒಂದರಲ್ಲಿ ಹಿಡಿ ಭತ್ತದ ಹೊಟ್ಟು,
ಇನ್ನೊಂದರಲ್ಲಿ ಇಲಿ ಕಡಿದಿಟ್ಟ ಟಿಕೆಟ್ ರೋಲಿನ ಚೂರು.
ಮೂರು ವರ್ಷ.
ಗರ್ಭಚೀಲ ತೆಗೆದ ಡಾಕ್ಟರು ಹೇಳಿದ್ದು ಆರೇ ತಿಂಗಳು,
ಮಿಕ್ಕ ಚಿಲ್ಲರೆ ನಾನೇ ಇಟ್ಟುಕೊಂಡೆ.

ನಾಲ್ಕೂವರೆ. ಗಂಗಾವತಿ ಇನ್ನೂ
ಅಕ್ಕಿ ಗಿರಣಿಯ ಗುಂಯ್‌ಗುಡುವ ನಿದ್ದೆಯಲ್ಲಿ.
ಬೀದಿದೀಪದ ಕೆಳಗೆ ಹೊಟ್ಟಿನ ಬೂದಿ
ಅವಸರವಿಲ್ಲದೆ ಇಳಿಯುತ್ತಿದೆ.
ದಾರ ಕಟ್ಟಲು ಬಗ್ಗಿದರೆ ಹೊಲಿಗೆಯ ಜಾಗ
ಚುರ್ ಅಂದಿತು, ಹಾಜರಿ ಹಾಕಿದ ಹಾಗೆ.

ಆನೆಗೊಂದಿ ರೂಟಿನಲ್ಲಿ ಒಂಬತ್ತು ವರ್ಷ ನನ್ನ ಡ್ಯೂಟಿ.
ಕಣ್ಣು ಮುಚ್ಚಿ ಹೇಳುತ್ತೇನೆ:
ಎಲ್ಲಿ ಉಳ್ಳಾಗಡ್ಡಿ ಚೀಲ ಇಳಿಯುತ್ತದೆ,
ಎಲ್ಲಿ ಹೈಸ್ಕೂಲು ಹುಡುಗರು ಬಾಗಿಲಿಗೆ ಜೋತು ಬೀಳುತ್ತಾರೆ,
ಯಾವ ಹಂಪಿಗೆ ಬ್ಯಾಗಿನ ನಾಣ್ಯ ಎಗರುತ್ತವೆ.
ಆದರೆ ಈ ರಸ್ತೆ ಏರು ಅಂತ
ಇವತ್ತೇ ಗೊತ್ತಾದದ್ದು.
ಬಸ್ಸು ಯಾವತ್ತೂ ಹೇಳಿರಲಿಲ್ಲ.
ಮೊಣಕಾಲು ಹೇಳಿತು.

ಮೊದಲ ದಿನ ಒಂದು ಸ್ಟೇಜೂ ಮುಗಿಯಲಿಲ್ಲ.
ಸಂಗಾಪುರಕ್ಕೆ ಮೊದಲೇ ಮೈಲಿಗಲ್ಲು ಹಿಡಿದು ನಿಂತೆ,
ಗಂಟಲಲ್ಲಿ ತಾಮ್ರದ ರುಚಿ.
ಗದ್ದೆಗೆ ನೀರು ಕಟ್ಟಲು ಹೊರಟ ಮುದುಕ
ಸಲಿಕೆ ಊರಿ, ಬೀಡಿ ತೆಗೆದು, ಕೇಳಿದ:
"ಬಸ್ಸು ತಪ್ಪಿತೇನವ್ವಾ?"
"ಇಲ್ಲ ಯಜ್ಜ, ಓಡಾಕ ಬಂದೀನಿ."
"ಯಾರ ಬೆನ್ನ ಹತ್ಯಾರ?"
ಯಾರೂ ಇಲ್ಲ ಎಂದರೆ ನಂಬಲಿಲ್ಲ,
ನಾನು ಬಂದ ದಿಕ್ಕನ್ನೇ ಬಹಳ ಹೊತ್ತು ನೋಡುತ್ತ ನಿಂತ.

ಮಗಳು ಫೋನಿನಲ್ಲಿ ಆ್ಯಪು ಹಾಕಿಕೊಟ್ಟಳು.
ಅದರೊಳಗಿನ ಹೆಂಗಸು ಕಿಲೋಮೀಟರು ಹೇಳುತ್ತಾಳೆ.
ನನ್ನದು ಸ್ಟೇಜಿನ ಲೆಕ್ಕ.
ಮಂಗಳವಾರ ಎರಡು ಸ್ಟೇಜು.
ಬುಧವಾರ ರಾಯಚೂರಿಗೆ ಡಬಲ್ ಡ್ಯೂಟಿ,
ಆಮೇಲೆ ಅತ್ತೆಯ ಹಲ್ಲು, ಮಗಳ ಪರೀಕ್ಷೆ,
ಆಮೇಲೆ ಬರೀ ಸೋಮಾರಿತನ,
ನೆಪ ಹುಡುಕುವುದಕ್ಕೂ ಮೈ ಬಗ್ಗಲಿಲ್ಲ.
ಹನ್ನೊಂದು ದಿನ
ಬಾಗಿಲ ಬಳಿಯ ಬೂಟು
ವೇಬಿಲ್ ಹಿಡಿದ ಚೆಕಿಂಗ್ ಸಾಹೇಬನ ಹಾಗೆ
ನನ್ನನ್ನೇ ನೋಡುತ್ತಿತ್ತು.

ಹನ್ನೆರಡನೆಯ ದಿನ ಡಾಂಬರು ಬಿಟ್ಟು
ನಾಲೆಯ ಏರಿ ಹಿಡಿದೆ,
ಅಲ್ಲಿಂದ ಗುಂಡುಕಲ್ಲುಗಳ ನಡುವಿನ ಕುರಿದಾರಿ.
ಇಲ್ಲಿ ಬೋರ್ಡಿಲ್ಲ, ಸ್ಟೇಜಿಲ್ಲ,
ಹೆಜ್ಜೆಹೆಜ್ಜೆಗೂ ಬೇರೆ ದರ:
ಒಂದು ಕಲ್ಲಿಗೆ ಹಿಮ್ಮಡಿ, ಒಂದಕ್ಕೆ ತುದಿಬೆರಳು,
ಸಡಿಲು ಗರಸಿಗೆ ಇಡೀ ಮೈ.
ನಿನ್ನೆಯ ಬಿಸಿಲು ಬಂಡೆಯೊಳಗೆ ಇನ್ನೂ ಬೆಚ್ಚಗಿತ್ತು,
ಒತ್ತಿಕೊಂಡು ದಾಟಿದರೆ
ಕತ್ತಲಲ್ಲಿ ಮಲಗಿದ ಎಮ್ಮೆಯ ಮಗ್ಗುಲು ದಾಟಿದ ಹಾಗೆ.
ದಾರಿಯ ನಟ್ಟನಡುವೆ ಕರಡಿಯ ಹಿಕ್ಕೆ,
ತುಂಬ ಬಾರಿಹಣ್ಣಿನ ಬೀಜ.
ಹಸಿ.
ಆವತ್ತು ನಾನು ಓಡಿದ ಓಟ
ಒಂಬತ್ತನೇ ಇಯತ್ತೆಯ ಜಿಲ್ಲಾ ಕೂಟದಲ್ಲೂ ಓಡಿರಲಿಲ್ಲ.
ಯಜ್ಜ ಕೇಳಿದ್ದು ಇದನ್ನೇ ಇರಬೇಕು.

ಈಗ ಐದನೇ ವಾರ.
ನಾಯಿಗಳು ಬೊಗಳುವುದು ಬಿಟ್ಟಿವೆ.
ಒಂದು ಕುಂಟನಾಯಿ ತೂಬಿನ ತನಕ ಜೊತೆಗೆ ಬರುತ್ತದೆ,
ಪಾಸು ಇರುವವರ ಗತ್ತಿನಲ್ಲಿ.
ಉಸಿರು ಇನ್ನೂ ಹಳೆಯ ಉಸಿರಲ್ಲ.
ಆದರೆ ಎಲ್ಲಿ ಕೈಕೊಡುತ್ತದೆಂದು
ಮೊದಲೇ ಹೇಳಿ ಕೈಕೊಡುತ್ತದೆ.

ಇವತ್ತು ವಾರದ ರಜೆ.
ಸಾಣಾಪುರದ ತಿರುವಿನಲ್ಲಿ ಹಿಂದಿನಿಂದ ನನ್ನದೇ ಬಸ್ಸು.
ಮೌಲಾಸಾಬ ವೇಗ ಇಳಿಸಿ ಹಾರ್ನು ಬಾರಿಸಿದ,
ಬದಲಿ ಬಂದ ಹುಡುಗ ಬಾಗಿಲಲ್ಲಿ ಜೋತು ಕೈ ಚಾಚಿದ:
"ದುರಗಮ್ಮಕ್ಕಾ, ಹತ್ರಿ, ಹತ್ರಿ!"
ಇಪ್ಪತ್ತು ಮುಖ ಕಿಟಕಿಗೆ ಬಂದವು.
ಒಂಬತ್ತು ವರ್ಷ ಒಳಗಿಂದ ಕೂಗಿದ್ದನ್ನು
ಹೊರಗಿನಿಂದ ಕೂಗಿದೆ:
"ರೈಟ್, ರೈಟ್!"

ಬಸ್ಸು ಹೋಯಿತು.
ಅದು ಕಾಣುವ ತನಕ ಚೆನ್ನಾಗಿಯೇ ಓಡಿದೆ,
ಮಂಡಿ ಎತ್ತಿ, ಎದೆ ಮುಂದೆ ಮಾಡಿ.
ತಿರುವು ಅದನ್ನು ನುಂಗಿದ ಮೇಲೆ
ಪಕ್ಕೆ ಹಿಡಿದುಕೊಂಡು ನಡೆದೆ.
ನಾಳೆ ಫಸ್ಟ್ ಶಿಫ್ಟು.
ಮೂರೂವರೆಗೇ ಏಳಬೇಕು.